ಅಟ್ಟದಿಂದ ಇಳಿದ ಹಾಸಿಗೆಗಳು: ರಾಯಚೂರಿನ ಏಪ್ರಿಲ್ ಬಿಸಿಲಲ್ಲಿ ಹಳೆ ದಿಂಬು, ರಜಾಯಿ, ಕೌದಿ ವಿಲೇವಾರಿ ಮಾಡಿದ ಅನುಭವ

"ಮಗಳು ಮಲಗೋ ತಲೆದಿಂಬು ಎಷ್ಟು ವರ್ಷದ್ದಮ್ಮ?"

ಡಾಕ್ಟರ್ ಕೇಳಿದ ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಫೆಬ್ರವರಿಯಿಂದ ಮಗಳಿಗೆ ಬೆಳಗ್ಗೆ ಎದ್ದ ಕೂಡಲೇ ಸಾಲು ಸೀನು, ಮೂಗು ಕಟ್ಟುವುದು, ಕೆಲವು ರಾತ್ರಿ ಎದೆಯಲ್ಲಿ ಸುಂಯ್ ಅನ್ನುವ ಸದ್ದು. ರಾಯಚೂರು ಹತ್ತಿ ಮಾರುಕಟ್ಟೆಯ ಊರು, ಸುತ್ತ ಜಿನ್ನಿಂಗ್ ಮಿಲ್ಲುಗಳು. ಅದರದ್ದೇ ಧೂಳಿರಬೇಕು ಅಂತ ಕಿಟಕಿ ಮುಚ್ಚಿಕೊಂಡು ಕೂತಿದ್ದೆವು. ಡಾಕ್ಟರ್ ಹೇಳಿದ್ದು ಬೇರೆ. ಡಸ್ಟ್ ಮೈಟ್ ಅಂತ ಕಣ್ಣಿಗೆ ಕಾಣದ ಹುಳ, ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟನ್ನೇ ತಿಂದು ದಿಂಬು, ಗಾದಿಯೊಳಗೆ ಬದುಕುತ್ತದೆ. ಮೂಗಿಗೆ ತೊಂದರೆ ಕೊಡುವುದು ಮುಖ್ಯವಾಗಿ ಅದರ ಹಿಕ್ಕೆ. ನಮ್ಮೂರಿನ ಒಣ ಬೇಸಿಗೆ ಆ ಹುಳಕ್ಕೆ ಒಗ್ಗುವುದಿಲ್ಲ, ಮಳೆಗಾಲದ ತೇವದಲ್ಲಿ ಬೆಳೆಯುತ್ತದೆ, ಆದರೆ ಹುಳ ಸತ್ತರೂ ಹಿಕ್ಕೆ ಒಳಗೇ ಉಳಿಯುತ್ತದೆ ಅಂದರು. ಔಷಧಿ ಚೀಟಿಯ ಹಿಂದೆ ಮೂರು ಸಾಲು ಬರೆದುಕೊಟ್ಟರು: 60 ಡಿಗ್ರಿ ನೀರಲ್ಲಿ ಹಾಸಿಗೆ ಬಟ್ಟೆ ತೊಳೆಯಿರಿ, ದಿಂಬಿಗೆ ಜಿಪ್ ಇರುವ ಗವಸು ಹಾಕಿ, ಹಳೆಯದನ್ನು ತೆಗೆಯಿರಿ.

ಹಳೆಯದನ್ನು ತೆಗೆಯಿರಿ ಅನ್ನುವ ಆ ಮೂರನೇ ಸಾಲಿಗೇ ನನಗೆ ಹತ್ತಿರ ಹತ್ತಿರ ಒಂದು ತಿಂಗಳು ಹಿಡಿಯಿತು. ಯಾರನ್ನು ಕೇಳಿದರೂ ಅರ್ಧ ಗೊತ್ತು, ಅರ್ಧ ತಪ್ಪು. ಅದಕ್ಕೇ ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಯುಗಾದಿ ಆದ ಮೇಲಿನ ಭಾನುವಾರ ಯಜಮಾನರು ಏಣಿ ಹಾಕಿ ಅಟ್ಟದ ಮೇಲಿದ್ದದ್ದನ್ನೆಲ್ಲ ಕೆಳಗಿಳಿಸಿದರು. ನಾವು ಮಲಗುವವರು ಮೂರೇ ಜನ. ಇಳಿದದ್ದು, ಬಳಕೆಯಲ್ಲಿದ್ದದ್ದು ಎಲ್ಲ ಸೇರಿ ಹದಿನಾಲ್ಕು ತಲೆದಿಂಬು, ಎರಡು ಹತ್ತಿ ಗಾದಿ, ಮೂರು ರಜಾಯಿ, ನಾಲ್ಕು ಕೌದಿ. ಮನೆಗೆ ಬಂಧುಗಳು ಬಂದರೆ ಬೇಕು ಅಂತ ಅತ್ತೆ ಕೂಡಿಟ್ಟದ್ದು. ಅವರು ತೀರಿಕೊಂಡು ಎರಡು ವರ್ಷ. ಒಂದು ಗಾದಿ ಅವರೇ ಕೊನೆಯ ದಿನಗಳಲ್ಲಿ ಮಲಗಿದ್ದದ್ದು. ಅದನ್ನು ಸುತ್ತಿ ಕಟ್ಟಿ ಮೇಲಿಟ್ಟ ದಿನದಿಂದ ಯಾರೂ ಮುಟ್ಟಿರಲಿಲ್ಲ. ಡಾಂಬರ್ ಗುಳಿಗೆಯ ವಾಸನೆಯ ಅಡಿಯಲ್ಲಿ ಅವರ ಅಮೃತಾಂಜನದ ವಾಸನೆ ಇನ್ನೂ ಸ್ವಲ್ಪ ಉಳಿದಿತ್ತು. ಆ ದಿನ ಅದನ್ನು ಮಾತ್ರ ಬಿಚ್ಚದೆ ಪಕ್ಕಕ್ಕಿಟ್ಟೆ.

ಮೊದಲ ದಿನವೇ ದೊಡ್ಡ ತಪ್ಪು ಮಾಡಿದೆ. ಒಂದು ದಿಂಬನ್ನು ಹಾಗೇ ಸೋಪಿನ ಪುಡಿ ಹಾಕಿದ ಬಕೆಟ್ಟಿಗೆ ಅದ್ದಿದೆ. ಅದರೊಳಗೆ ಹತ್ತಿ. ನೀರು ಕುಡಿದು ಕಲ್ಲಿನಷ್ಟು ಭಾರವಾಯಿತು, ಇಬ್ಬರು ಸೇರಿ ಹಿಂಡಿದರೂ ನೀರು ಬಿಡಲಿಲ್ಲ. 41 ಡಿಗ್ರಿ ಬಿಸಿಲಲ್ಲಿ ಮಾಳಿಗೆ ಮೇಲೆ ಒಣಗಿಸಿದೆ. ಸಂಜೆಗೆ ಮೇಲಿನ ಬಟ್ಟೆ ಗರಿಗರಿ. ಆಯಿತು ಅಂದುಕೊಂಡೆ. ನಾಲ್ಕನೇ ದಿನ ಹುಳಿ ವಾಸನೆ. ಹೊಲಿಗೆ ಬಿಚ್ಚಿದರೆ ನಡುವೆ ಹತ್ತಿ ಉಂಡೆಗಟ್ಟಿ, ಇನ್ನೂ ಒದ್ದೆಯಿದ್ದು, ಅಲ್ಲಲ್ಲಿ ಕಪ್ಪು ಬೂಷ್ಟು. ಉಸಿರಾಟದ ತೊಂದರೆ ಇರುವ ಮಗುವಿನ ಮನೆಯಲ್ಲಿ ನಾನೇ ಬೂಷ್ಟು ಬೆಳೆಸಿದ್ದೆ. ಅವತ್ತು ಬಹಳ ಬೇಜಾರಾಯಿತು.

ಪಕ್ಕದ ಮನೆಯ ಅಜ್ಜಿ ನೋಡಿ, "ಹತ್ತಿ ಯಾರರ ಒಗೀತಾರೇನವ್ವ? ಹೊಲಿಗಿ ಬಿಚ್ಚು, ಒಳಗ ಏನದ ನೋಡು, ಆಮ್ಯಾಲ ನೀರಿನ ಮಾತು" ಅಂದರು. ಇಡೀ ತಿಂಗಳಲ್ಲಿ ನನಗೆ ಸಿಕ್ಕ ಸಲಹೆಗಳಲ್ಲಿ ಇದಕ್ಕಿಂತ ಉಪಯೋಗದ್ದು ಇನ್ನೊಂದಿಲ್ಲ. ದಿಂಬಿನ ಒಂದು ಮೂಲೆಯಲ್ಲಿ ಎರಡು ಬೆರಳು ಹೋಗುವಷ್ಟು ಹೊಲಿಗೆ ಬಿಚ್ಚಿದರೆ ಸಾಕು. ಹತ್ತಿಯಾದರೆ ಎಳೆದಾಗ ಒರಟಾಗಿ ಗಂಟುಗಂಟಾಗಿ ಬರುತ್ತದೆ, ನೀರಿನ ಹನಿ ಬಿಟ್ಟರೆ ಹೀರುತ್ತದೆ. ಬೂರುಗದ ಹತ್ತಿಯಾದರೆ ರೇಷ್ಮೆಯಂತೆ ನುಣುಪು, ಊದಿದರೆ ಹಾರುತ್ತದೆ, ಅದರ ಎಳೆಗೆ ಮೇಣದಂಥ ಗುಣ ಇರುವುದರಿಂದ ನೀರಿನ ಹನಿ ಮೇಲೇ ನಿಲ್ಲುತ್ತದೆ. ಫೈಬರ್ ಅಂದರೆ ಪಾಲಿಯೆಸ್ಟರ್, ಬಿಳಿಯಾಗಿ ಹೊಳೆಯುತ್ತದೆ, ಅಮುಕಿ ಬಿಟ್ಟರೆ ಮೇಲೇಳುತ್ತದೆ. ಫೋಮು ಹೇಗೂ ಕೈಗೇ ಗೊತ್ತಾಗುತ್ತದೆ. ನಮ್ಮ ಹದಿನಾಲ್ಕರಲ್ಲಿ ಹತ್ತಿಯವು ಆರು, ಬೂರುಗ ಎರಡು, ಫೈಬರ್ ನಾಲ್ಕು, ಫೋಮು ಎರಡು. ಹತ್ತಿಯವುಗಳಲ್ಲಿ ಒಂದನ್ನು ನಾನು ಆಗಲೇ ಕೆಡಿಸಿದ್ದೆ.

ಬೂರುಗದ ಎರಡಕ್ಕೆ ನೀರು ಮುಟ್ಟಿಸಲೇ ಇಲ್ಲ. ಮೂರು ದಿನ ಬಿಸಿಲಿಗೆ ಹಾಕಿ, ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಕೋಲಿನಿಂದ ಬಡಿದು, ಹೊಸ ಬಟ್ಟೆಗೆ ತುಂಬಿದೆ. ತುಂಬುವಾಗ ಫ್ಯಾನ್ ಆರಿಸಿ, ಬಾಗಿಲು ಹಾಕಿಕೊಳ್ಳಿ, ಬಾಯಿ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಮಕ್ಕಳು ಆ ಕೋಣೆಯಲ್ಲಿ ಇರಬಾರದು.

ಫೈಬರ್ ದಿಂಬಿಗೆ ಒಂದು ಸುಲಭ ಪರೀಕ್ಷೆ ಇದೆ. ನಡುವಿಗೆ ಮಡಚಿ ಬಿಡಿ. ತಾನೇ ಬಿಚ್ಚಿಕೊಂಡರೆ ಇನ್ನೂ ಜೀವ ಇದೆ, ಮಡಚಿದ ಹಾಗೇ ಬಿದ್ದಿದ್ದರೆ ತೊಳೆದು ಪ್ರಯೋಜನವಿಲ್ಲ. ನಾಲ್ಕರಲ್ಲಿ ಎರಡು ಎದ್ದವು. ಆ ಎರಡನ್ನೂ ಒಟ್ಟಿಗೇ ಮಷೀನಿಗೆ ಹಾಕಿದೆ, ಒಂದನ್ನೇ ಹಾಕಿದರೆ ತೂಕ ಒಂದು ಕಡೆ ಬಿದ್ದು ಮಷೀನು ಕುಣಿಯುತ್ತದೆ. ನಮ್ಮ ಮಷೀನಿಗೆ ನೀರು ಕಾಯಿಸುವ ವ್ಯವಸ್ಥೆ ಇಲ್ಲ. ಒಂದು ಕೊಡ ಕುದಿಯುವ ನೀರಿಗೆ ಒಂದು ಕೊಡ ನಲ್ಲಿ ನೀರು ಸೇರಿಸಿದರೆ ಬೇಸಿಗೆಯಲ್ಲಿ ಹೆಚ್ಚುಕಡಿಮೆ 60 ಡಿಗ್ರಿ ಆಗುತ್ತದೆ. ಅದರಲ್ಲಿ ತೊಟ್ಟಿಯಲ್ಲೇ ಅರ್ಧ ಗಂಟೆ ನೆನೆಸಿ ಆಮೇಲೆ ಮಷೀನಿಗೆ ಹಾಕಿದೆ. ಲೇಬಲ್ ಮೊದಲು ನೋಡಿ. ತೊಟ್ಟಿಯ ಚಿತ್ರದೊಳಗೆ 40 ಅಂತಿದ್ದರೆ ಅದಕ್ಕಿಂತ ಬಿಸಿ ನೀರು ಬೇಡ. ಆ ತೊಟ್ಟಿಯ ಚಿತ್ರದ ಮೇಲೆ X ಗುರುತಿದ್ದರೆ ನೀರೇ ಬೇಡ. ಬರೀ ವೃತ್ತ ಇದ್ದರೆ ಡ್ರೈಕ್ಲೀನಿಂಗ್. ಮಗಳ ಬಟ್ಟೆ ಗೊಂಬೆಗೆ ಬಿಸಿ ನೀರು ಆಗುವುದಿಲ್ಲ ಅಂತ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಂದು ದಿನ ಪೂರ್ತಿ ಫ್ರೀಜರಿನಲ್ಲಿಟ್ಟು, ಆಮೇಲೆ ತಣ್ಣೀರಲ್ಲಿ ತೊಳೆದೆ. ಚಳಿಗೆ ಹುಳ ಸಾಯುತ್ತದೆ, ಹಿಕ್ಕೆ ತೊಳೆದರೇ ಹೋಗುವುದು.

ನೀರಿನ ವಿಷಯಕ್ಕೆ ಬರುತ್ತೇನೆ. ನಮ್ಮ ಓಣಿಗೆ ನಲ್ಲಿ ನೀರು ಮೂರು ದಿನಕ್ಕೊಮ್ಮೆ. ಉಳಿದ ದಿನ ಬೋರಿನ ನೀರು, ಅದು ಸವಳು. ಸವಳು ನೀರಲ್ಲಿ ಸೋಪು ನೊರೆ ಬರುವುದಿಲ್ಲ ಅಂತ ನಾವು ಇನ್ನಷ್ಟು ಪುಡಿ ಸುರಿಯುತ್ತೇವೆ. ಆ ಪುಡಿ ಫೈಬರಿನೊಳಗೆ ಕೂತು, ಒಣಗಿದ ಮೇಲೆ ಉದುರಿ ಮತ್ತೆ ಸೀನು. ನಾನು ಕೊನೆಗೆ ಕಂಡುಕೊಂಡ ದಾರಿ: ಬೋರಿನ ನೀರಲ್ಲಿ ನೆನೆಸುವುದು, ಅರ್ಧದಷ್ಟೇ ಸೋಪು, ಕೊನೆಯ ಎರಡು ಜಾಲಾಟ ನಲ್ಲಿಯ ಸಿಹಿ ನೀರಲ್ಲಿ. ಅಂದರೆ ನೀರು ಬಿಡುವ ದಿನ ನೋಡಿಕೊಂಡೇ ಒಗೆತದ ದಿನ ಇಟ್ಟುಕೊಳ್ಳಬೇಕು. ನಮ್ಮ ನಲ್ಲಿಗೆ ಬೆಳಗಿನ ಐದಕ್ಕೆ ನೀರು ಬರುತ್ತಿತ್ತು, ನಾನು ನಾಲ್ಕೂವರೆಗೆ ಎದ್ದು ಕೊಡ ತೊಳೆದಿಟ್ಟುಕೊಳ್ಳುತ್ತಿದ್ದೆ.

ರಜಾಯಿಗಳಲ್ಲಿ ಒಂದು ತೆಳು ಜೈಪುರಿ. ಹತ್ತಿಯೇ ಆದರೂ ಒತ್ತೊತ್ತಾಗಿ ಹೊಲಿಗೆ ಇರುವುದರಿಂದ ಒಳಗಿನದು ಜಾರುವುದಿಲ್ಲ, ತೊಟ್ಟಿಯಲ್ಲಿ ತಣ್ಣೀರು ಹಾಕಿ ಕಾಲಿಂದ ತುಳಿದು ತೊಳೆದೆ. ಉಳಿದೆರಡು ಫೈಬರ್ ತುಂಬಿದ ದಪ್ಪ ಕಂಫರ್ಟರ್. ನಮ್ಮ 6.5 ಕೆಜಿ ಮಷೀನಿಗೆ ತುರುಕಿದರೆ ಹೋಗುತ್ತದೆ, ಆದರೆ ತಿರುಗಲು ಜಾಗವೇ ಇರುವುದಿಲ್ಲ. ಹಾಕಿದ ಮೇಲೆ ಮೇಲುಗಡೆ ಒಂದು ಗೇಣು ಜಾಗ ಉಳಿಯದಿದ್ದರೆ ಒಳಗಿನದು ಸ್ವಚ್ಛವಾಗುವುದಿಲ್ಲ, ಮಷೀನೂ ಹಾಳು. ಹಾಗಾಗಿ ಒಂದು ಲಾಂಡ್ರಿಗೆ ಕೊಟ್ಟೆ. ಒಂದಕ್ಕೆ ₹400, ಮೂರು ದಿನ ಅಂದರು. ಹೋದಾಗಲೆಲ್ಲ "ನಾಳಿ ಬರ್ರಿ ಮೇಡಂ". ಹನ್ನೊಂದನೇ ದಿನ ಕೈಗೆ ಬಂತು, ಎರಡರಲ್ಲಿ ಒಂದು ನಮ್ಮದಲ್ಲ. ರಸೀದಿಯಲ್ಲಿ ಬರೀ "ರಜಾಯಿ 2" ಅಂತಿತ್ತು, ಬಣ್ಣ ಬರೆದಿರಲಿಲ್ಲ, ಹಿಂದೆ ಸಣ್ಣಕ್ಷರದಲ್ಲಿ ಹಾನಿಗೆ ಹೊಣೆಯಲ್ಲ ಅಂತ. ಕೊಡುವ ದಿನ ಮಗಳು ಸುಮ್ಮನೆ ತೆಗೆದಿದ್ದ ಒಂದು ಫೋಟೊದಲ್ಲಿ ನಮ್ಮ ರಜಾಯಿ ಕಂಡಿದ್ದರಿಂದ ಇನ್ನೆರಡು ದಿನಕ್ಕೆ ಅದು ಸಿಕ್ಕಿತು. ಆ ಫೋಟೊ ಇರದಿದ್ದರೆ ಹೋದಂತೆಯೇ. ನೀವು ಕೊಡುವುದಾದರೆ ಲೇಬಲ್ ಸಮೇತ ಫೋಟೊ ತೆಗೆಯಿರಿ, ರಸೀದಿಯಲ್ಲಿ ಬಣ್ಣ, ಅಳತೆ ಬರೆಸಿ, ಸೆಂಟು ಹಾಕಬೇಡಿ ಅಂತ ಮೊದಲೇ ಹೇಳಿ. ನಮ್ಮವು ಬಂದದ್ದು ಮಲ್ಲಿಗೆ ಸೆಂಟು ಸುರಿಸಿಕೊಂಡು. ಆ ವಾಸನೆ ಹೋಗಲು ಮತ್ತೆ ಎರಡು ದಿನ ಬಿಸಿಲಿಗೆ ಹಾಕಬೇಕಾಯಿತು.

ಆ ಎರಡನೇ ದಿನವೇ ಗಾಳಿ ಎದ್ದಿದ್ದು. ಮಧ್ಯಾಹ್ನದವರೆಗೆ ಕಣ್ಣು ಬಿಡಲಾಗದ ಬಿಸಿಲು. ನಾಲ್ಕು ಗಂಟೆಗೆ ಪಡುವಣದಿಂದ ಕೆಂಪು ಧೂಳಿನ ಗೋಡೆಯೇ ಬಂದಂತೆ ಬಂತು, ಹಿಂದೆಯೇ ನಾಲ್ಕು ಹನಿ ಮಳೆ. ನಾನು ಶಾಲೆಯಲ್ಲಿದ್ದೆ. ಮನೆಗೆ ಬರುವಷ್ಟರಲ್ಲಿ ಮಾಳಿಗೆ ಮೇಲಿದ್ದದ್ದೆಲ್ಲ ಕೆಸರಿನ ಚುಕ್ಕೆ. ಜೈಪುರಿ ರಜಾಯಿ ಪಕ್ಕದ ಮನೆಯ ನೀರಿನ ಟ್ಯಾಂಕಿಗೆ ಸುತ್ತಿಕೊಂಡಿತ್ತು. ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಒಣಹಾಕುವವರು ಮಧ್ಯಾಹ್ನ ಮೂರರೊಳಗೆ ಕೆಳಗೆ ತರಬೇಕು. ಬೆಳಗ್ಗೆ ಎಂಟಕ್ಕೆ ಹಾಕಿದರೆ ಆ ಹೊತ್ತಿಗೆ ಒಣಗಿಯೇ ಇರುತ್ತದೆ. ಹೊರಸಿನ ಮೇಲೆ ಹರವಿದರೆ ಕೆಳಗಿನಿಂದಲೂ ಗಾಳಿಯಾಡುತ್ತದೆ, ಕಾದ ನೆಲದ ಮೇಲೆ ಹಾಸುವುದಕ್ಕಿಂತ ಬೇಗ.

ಹತ್ತಿ ಹಿಂಜಲು ಪಿಂಜಾರರೇ ಬೇಕು. ನಮ್ಮ ಚಿಕ್ಕಂದಿನಲ್ಲಿ ಹೆಗಲ ಮೇಲೆ ದೊಡ್ಡ ಬಿಲ್ಲು ಹೊತ್ತು, ತಂತಿ ಮೀಟಿ ಟೊಂಯ್ ಟೊಂಯ್ ಅನ್ನಿಸುತ್ತ ಓಣಿಗೆ ಬರುತ್ತಿದ್ದರು. ಪಿಂಜಾರ, ನದಾಫ್ ಅನ್ನುತ್ತೇವೆ, ಗಡಿಯಾಚೆ ತೆಲುಗಿನವರು ದೂದೇಕುಲ ಅನ್ನುತ್ತಾರೆ. ಈಗ ಬಿಲ್ಲಿನ ಜಾಗಕ್ಕೆ ಮೋಟಾರಿನ ಮಷೀನು. ನಾವು ಹೋದ ಚಾಚಾ ನಮ್ಮ ಗಾದಿಯ ಹತ್ತಿ ಬೆರಳಲ್ಲಿ ಎಳೆದು ನೋಡಿ, "ಎಳಿ ಉದ್ದ ಅದ ರೀ ಅಕ್ಕಾರ, ಹೊಸಾದು ಯಾಕ ತಗೋತೀರಿ? ಇನ್ನ ಇಪ್ಪತ್ತು ವರ್ಷ ಬಾಳ್ತದ" ಅಂದರು. ಅತ್ತೆಯ ಗಾದಿಯದು ಅದು. ಅವರ ತವರಿನ ಹೊಲದ ಹತ್ತಿ ಅಂತ ಯಜಮಾನರಿಗೆ ನೆನಪಿತ್ತು.

ಆ ಗಾದಿಯ ಬಗ್ಗೆ ಮನೆಯಲ್ಲಿ ಮಾತಾಗಿತ್ತು. ಸತ್ತವರ ಹಾಸಿಗೆ ಮನೆಯಲ್ಲಿ ಇಡಬಾರದು, ಕೃಷ್ಣಾ ದಂಡೆಯ ದೇವಸೂಗೂರಿಗೆ ಒಯ್ದು ಹೊಳೆಗೆ ಬಿಡಿ ಅಂತ ನಾದಿನಿ ಫೋನಿನಲ್ಲಿ ಹೇಳಿದರು. ಅವರ ನಂಬಿಕೆಯನ್ನು ನಾನು ಹಗುರಾಗಿ ನೋಡುವುದಿಲ್ಲ. ಆದರೆ ಕೃಷ್ಣೆಯ ನೀರೂ ನಮ್ಮೂರಿನ ನಲ್ಲಿಗೆ ಬರುತ್ತದೆ. ಗಾದಿ ಹೊಳೆಗೆ ಬಿಟ್ಟರೆ ನೆನೆದು ದಡಕ್ಕೆ ಅಂಟಿ ಅಲ್ಲೇ ಕೊಳೆಯುತ್ತದೆ. ಆ ದಂಡೆಯಲ್ಲಿ ಹಾಗೆ ಬಿದ್ದ ಗಾದಿ, ಬಟ್ಟೆ ನಾನೇ ಕಂಡಿದ್ದೇನೆ. ಕೊನೆಗೆ ಯಜಮಾನರು ತಂಗಿಗೆ, "ಅವ್ವನ ಹೊಲದ ಹತ್ತಿ, ಅವ್ವನ ಮೊಮ್ಮಗಳು ಮಲಗ್ತಾಳ" ಅಂತ ಹೇಳಿದರು. ಅತ್ತ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ. ಆಮೇಲೆ ನಾದಿನಿ ಹೇಳಿದ್ದು, "ಹಂಗಾದ್ರ ಮ್ಯಾಲಿನ ಬಟ್ಟಿ ಮಾತ್ರ ಹೊಸಾದು ಹಾಕ್ರಿ." ಹಾಗೇ ಮಾಡಿದೆವು.

ಎರಡು ಗಾದಿ, ಐದು ದಿಂಬಿನ ಹತ್ತಿ ಸೇರಿ 27 ಕೆಜಿ ತೂಗಿತು. ಹಿಂಜಿದ ಮೇಲೆ 24. ಮೂರು ಕೆಜಿ ಬರೀ ಧೂಳು, ಪುಡಿ ಹತ್ತಿ. ಅದರ ಮೇಲೆ ತಲೆಯಿಟ್ಟು ಇಷ್ಟು ವರ್ಷ ಮಲಗಿದ್ದೆವಲ್ಲ ಅಂತ ಆ ರಾಶಿ ನೋಡಿ ಹೊಟ್ಟೆ ತೊಳಸಿತು. ಹಿಂಜುವಾಗ ಮಗುವನ್ನು ಕರೆದುಕೊಂಡು ಹೋಗಬೇಡಿ. ತೂಕ ನಿಮ್ಮೆದುರೇ ಎರಡು ಸಲ ಹಾಕಿಸಿ, ಹಿಂಜುವ ಮೊದಲು ಒಮ್ಮೆ, ಆದ ಮೇಲೊಮ್ಮೆ. ಬೇರೆಯವರ ಹತ್ತಿಯ ಜೊತೆ ಬೆರೆಯದಿರಲಿ ಅಂತ ನಾವು ಪೂರ್ತಿ ಹೊತ್ತು ಅಲ್ಲೇ ಕೂತಿದ್ದೆವು. 24 ಕೆಜಿಯಲ್ಲಿ 9 ಕೆಜಿಯ ಎರಡು ಗಾದಿ, ಒಂದೂವರೆ ಕೆಜಿಯ ನಾಲ್ಕು ದಿಂಬು ಆದವು. ಮಗಳ ಗಾದಿಗೆ ಮೇಲೆ ಜಿಪ್ ಇರುವ ಗವಸು ಬೇರೆ.

ಕೌದಿಗಳದ್ದು ಸುಲಭ ಅಂದುಕೊಂಡಿದ್ದೆ. ಹಿಂದೆಲ್ಲ ಮಹಾನವಮಿಗೆ ಮುಂಚೆ ಓಣಿಯ ಹೆಂಗಸರೆಲ್ಲ ಹಾಸಿಗೆ ಹೊದಿಕೆ ಹೊತ್ತು ಹಳ್ಳಕ್ಕೆ ಹೋಗಿ ಒಗೆಯುತ್ತಿದ್ದರಂತೆ, ಅತ್ತೆ ಹೇಳುತ್ತಿದ್ದರು. ಈಗ ಮನೆಯಲ್ಲೇ. ಒಂದು ಕೌದಿಯ ನಡುವೆ ಇಳಕಲ್ ಸೀರೆಯ ಕೆಂಪು ಸೆರಗಿನ ತುಂಡು ಇತ್ತು. ಒದ್ದೆ ಬಿಳಿ ಬಟ್ಟೆ ಒತ್ತಿ ನೋಡಿದೆ, ಕೆಂಪು ಅಂಟಿತು. ಹಾಗಾಗಿ ಅದಕ್ಕೆ ಬಿಸಿ ನೀರು ಹಾಕದೆ, ಉಪ್ಪು ಹಾಕಿದ ತಣ್ಣೀರಲ್ಲಿ ಬೇರೆಯಾಗಿ ತುಳಿದು, ನೆರಳಲ್ಲಿ ಒಣಗಿಸಿದೆ. ಸ್ವಲ್ಪ ಬಣ್ಣ ಬಿಟ್ಟರೂ ಪಕ್ಕದ ತುಂಡುಗಳಿಗೆ ಹತ್ತಲಿಲ್ಲ. ಅದನ್ನು ಇಟ್ಟುಕೊಂಡೆವು. ಒಂದು ಪೂರ್ತಿ ಜಿಬಿರಾಗಿತ್ತು, ಕತ್ತರಿಸಿ ಕಾಲೊರಸು ಮಾಡಿದೆ.

ಉಳಿದ ಎರಡನ್ನು ಮನೆಗೆಲಸಕ್ಕೆ ಬರುವ ಅಕ್ಕ ಕೇಳಿದರು. ಅವರ ಮಗ ಸೊಸೆ ಬೆಂಗಳೂರಿಗೆ ಗುಳೆ ಹೊರಟಿದ್ದರು, ಕಟ್ಟಡದ ಕೆಲಸಕ್ಕೆ. "ಶೆಡ್ಡಿನ್ಯಾಗ ನೆಲದ ಮ್ಯಾಲ ಮಲಗೋದು ರೀ, ಕೌದಿ ಇದ್ರ ಕೂಸಿಗೆ ಆಕ್ಕದ." ಕೊಡುವ ಮೊದಲು ಎರಡನ್ನೂ ಬಿಸಿ ನೀರಲ್ಲಿ ತೊಳೆದು, ಬಿಚ್ಚಿದ ಅಂಚಿಗೆ ಹೊಲಿಗೆ ಹಾಕಿದೆ. ನಮ್ಮ ಮಗುವಿಗೆ ಆಗದ ಧೂಳು ಅವರ ಕೂಸಿಗೂ ಆಗುವುದಿಲ್ಲ. ಹಳೆಯದು ಕೊಡುವವರು ತೊಳೆಯದೆ ಕೊಡುವುದು ನನ್ನ ಮಟ್ಟಿಗೆ ದಾನವೇ ಅಲ್ಲ.

ಇನ್ನು ಉಳಿದದ್ದು ಯಾರಿಗೂ ಬೇಡದ್ದು: ಎರಡು ಸತ್ತ ಫೈಬರ್ ದಿಂಬು, ಎರಡು ಫೋಮು, ನಾನು ಕೆಡಿಸಿದ ಹತ್ತಿ, ಹಿಂಜಿದ ಪುಡಿ. ಒಂದು ಅನಾಥಾಶ್ರಮಕ್ಕೆ ಫೋನ್ ಮಾಡಿದೆ. ಬೆಡ್‌ಶೀಟು, ಹೊದಿಕೆ ತೊಳೆದದ್ದಾದರೆ ತಗೋತೀವಿ, ಬಳಸಿದ ದಿಂಬು ಬೇಡ ಅಂದರು. ಅವರ ಮಾತು ಸರಿಯೇ. ಕಸದ ಗಾಡಿಯವರು ದಿಂಬು ನೋಡಿದ ಕೂಡಲೇ ಕೈ ಅಡ್ಡ ಮಾಡಿದರು. ಮೂರು ದಿನ ಬಾಗಿಲಲ್ಲಿಟ್ಟು ಮೂರು ದಿನವೂ ಒಳಗೆ ತಂದೆ. ಕೊನೆಗೆ ಗಾಡಿಯ ಹುಡುಗನೇ, "ಇಡೀದು ಹಾಕಿದ್ರ ಗಾಡಿ ತುಂಬತದ ರೀ, ಬಿಚ್ಚಿ ಚೀಲದಾಗ ತುಂಬಿ ಒಣಕಸ ಅಂತ ಕೊಡ್ರಿ" ಅಂದ.

ಈ ನಡುವೆ ಒಂದು ಸಂಜೆ ನಾನು ಹೊರಗಿಟ್ಟಿದ್ದ ಒಂದು ಫೋಮ್ ದಿಂಬನ್ನು ಯಾರೋ ಹುಡುಗರು ಖಾಲಿ ಸೈಟಿಗೆ ಒಯ್ದು ಬೆಂಕಿ ಹಚ್ಚಿದರು. ಕಪ್ಪು ಹೊಗೆ ಓಣಿಯ ತುಂಬ. ಫೋಮು ಸುಟ್ಟರೆ ಕಾರ್ಬನ್ ಮೊನಾಕ್ಸೈಡಿನ ಜೊತೆ ಸಯನೈಡ್ ಅನಿಲವೂ ಬರುತ್ತದೆ, ಅದು ಬರೀ ಕೆಟ್ಟ ವಾಸನೆಯ ಮಾತಲ್ಲ. ಅವತ್ತು ರಾತ್ರಿ ಮಗಳಿಗೆ ಇನ್‌ಹೇಲರ್ ಎರಡು ಸಲ ಕೊಡಬೇಕಾಯಿತು. ಯಾವ ಧೂಳಿನಿಂದ ಅವಳನ್ನು ಉಳಿಸಲು ಇಷ್ಟೆಲ್ಲ ಮಾಡಿದೆನೋ, ಅದಕ್ಕಿಂತ ಕೆಟ್ಟದ್ದು ನಮ್ಮ ಮನೆಯ ದಿಂಬಿನಿಂದಲೇ ಹೊರಟಿತು. 2016ರ ಘನತ್ಯಾಜ್ಯ ನಿಯಮಗಳಲ್ಲೇ ಕಸವನ್ನು ಬೀದಿಯಲ್ಲಿ ಸುಡಬಾರದು, ಚರಂಡಿಗೆ ಎಸೆಯಬಾರದು ಅಂತ ಸ್ಪಷ್ಟವಾಗಿತ್ತು. ದಯವಿಟ್ಟು ದಿಂಬು, ಗಾದಿಯನ್ನು ರಾತ್ರಿಯಿಡೀ ಬಾಗಿಲ ಹೊರಗೆ ಬಿಡಬೇಡಿ.

ಉಳಿದ ಒಂದು ಫೋಮನ್ನು ಆಟೊ ಸೀಟು ಹೊಲಿಯುವ ಅಂಗಡಿಯವರು ₹30 ಕೊಟ್ಟು ತೆಗೆದುಕೊಂಡರು. ಫೋಮಿನ ಚೂರು ಅಂಟಿಸಿ ಮತ್ತೆ ಗಟ್ಟಿ ಫೋಮು ಮಾಡುತ್ತಾರೆ, ಹಾಗಾಗಿ ಗುಜರಿಯಲ್ಲೂ ಅದಕ್ಕೆ ಬೆಲೆ ಇದೆ. ಮೊದಲೇ ಕೇಳಬೇಕಿತ್ತು. ಬೂಷ್ಟು ಹಿಡಿದ ಹತ್ತಿ, ಪುಡಿ ಎರಡನ್ನೂ ನೀರು ಚಿಮುಕಿಸಿ ಹಿತ್ತಲ ಗೊಬ್ಬರದ ಗುಂಡಿಗೆ ಹಾಕಿ ಮೇಲೆ ಮಣ್ಣು ಮುಚ್ಚಿದೆ, ಹತ್ತಿ ಕೊಳೆತು ಮಣ್ಣಾಗುತ್ತದೆ. ಫೈಬರ್ ಕೊಳೆಯುವುದಿಲ್ಲ, ಅದನ್ನು ಗುಂಡಿಗೆ ಹಾಕಬೇಡಿ. ಒಂದು ದಿಂಬಿನ ಫೈಬರ್ ತೊಳೆದು, ಗೋಣಿಚೀಲಕ್ಕೆ ತುಂಬಿ, ಬಾಯಿ ಗಟ್ಟಿಯಾಗಿ ಹೊಲಿದು ಬಾಗಿಲ ಕೆಳಗಿನ ಸಂದಿಗೆ ಧೂಳು ಬರದಂತೆ ಉದ್ದ ದಿಂಡು ಮಾಡಿದೆ. ಇನ್ನೊಂದರದು ಒಣಕಸಕ್ಕೆ ಹೋಯಿತು. ಬೀದಿ ನಾಯಿಗೆ ಹಾಸಲು ಹಾಕೋಣ ಅಂದಿದ್ದೆ, ಆದರೆ ಅವು ಕಿತ್ತು ನುಂಗಿದರೆ ಕರುಳಿಗೆ ಸಿಕ್ಕುತ್ತದೆ. ದನದ ಕೊಟ್ಟಿಗೆಗೂ ಬೇಡ.

ಖರ್ಚು ಹೇಳಿಬಿಡುತ್ತೇನೆ: ಲಾಂಡ್ರಿ ₹800, ಹತ್ತಿ ಹಿಂಜಲು ಕೆಜಿಗೆ ₹40ರಂತೆ ₹1,080, ಗಾದಿ ದಿಂಬಿನ ಬಟ್ಟೆ ₹1,450, ಹೊಲಿಗೆ ₹600, ಜಿಪ್ ಗವಸು ₹1,100, ಮಗಳಿಗೆ ಎರಡು ಹೊಸ ಫೈಬರ್ ದಿಂಬು ₹700, ಆಟೊ ₹300, ಹೊರುವವರಿಗೆ ₹200. ಒಟ್ಟು ₹6,230. ಎರಡು ಹೊಸ ಗಾದಿಯ ಬೆಲೆ ಕೇಳಿ ಬಂದಿದ್ದೆ, ಅದಕ್ಕಿಂತ ಬಹಳ ಕಡಿಮೆಯೇ ಆಯಿತು.

ಮಗಳ ಸೀನು ನಿಂತಿಲ್ಲ, ಕಡಿಮೆಯಾಗಿದೆ. ಔಷಧಿ ಮುಂದುವರಿದಿದೆ. ಸುಂಯ್ ಸದ್ದು ಎರಡು ವಾರದಿಂದ ಕೇಳಿಲ್ಲ. ದಿಂಬಿನ ಗಲೀಪು, ದುಪ್ಪಟಿ ಪ್ರತಿ ಶನಿವಾರ ಬಿಸಿ ನೀರಿಗೆ ಹೋಗುತ್ತವೆ. ಮೊನ್ನೆ ರಾತ್ರಿ ಕರೆಂಟು ಹೋದಾಗ ಮಾಳಿಗೆ ಮೇಲೆ ಹೊರಸು ಹಾಕಿ ಮಲಗಿದೆವು. ಇಳಕಲ್ ಸೆರಗಿನ ಕೌದಿ ತನಗೇ ಬೇಕು ಅಂತ ಮಗಳು ಎಳೆದುಕೊಂಡಳು. ಆ ಕೆಂಪು ತುಂಡಿನ ಒಂದು ಅಂಚು ಬಿಚ್ಚಿದೆ. ಅದೇ ಬಣ್ಣದ ದಾರ ಸಿಕ್ಕಿಲ್ಲ, ಹುಡುಕುತ್ತಿದ್ದೇನೆ.